ದುಡಿಯುವ ಮನೆ, ಓದುವ ಮಕ್ಕಳು: ಮಂಡ್ಯ–ಮೈಸೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆಯೊಂದರಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ಕಿಟಕಿಯ ಒಳಗಡೆ ಕೂತಿದ್ದವನು ನಾನು. ನಿವೃತ್ತಿಯಾದ ಮೇಲೆ ಮದ್ದೂರು ತಾಲ್ಲೂಕಿನ ನಮ್ಮೂರಿನಲ್ಲಿ, ಮನೆಯ ಜಗಲಿಯ ಮೇಲೆ, ಭಾನುವಾರ ಬೆಳಗ್ಗೆ ಕೂರುತ್ತೇನೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಗಾರೆ ಕೆಲಸದವರು, ಆಟೊ ಓಡಿಸುವವರು, ಅರ್ಧ ಎಕರೆ ಗದ್ದೆಯವರು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ತುಂಬಿಕೊಂಡು ಬರುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹೇಳಿದ್ದನ್ನೇ ಹೇಳಿ ಗಂಟಲು ಕಟ್ಟಿದ್ದರಿಂದ ಬರೆದಿಡುತ್ತಿದ್ದೇನೆ.

ಭಾನುವಾರವೇ ಏಕೆಂದರೆ ಬೇರೆ ದಿನ ಬಂದರೆ ಅವರ ಕೂಲಿ ಹೋಗುತ್ತದೆ. ಒಂದು ಯೋಜನೆ ಚೆನ್ನಾಗಿದೆಯೋ ಇಲ್ಲವೋ ಎಂದು ನಾನು ಅಳೆಯುವುದೂ ಇದೇ ಕೊಳಗದಲ್ಲಿ: ಅದನ್ನು ಪಡೆಯಲು ಎಷ್ಟು ದಿನದ ಕೂಲಿ ಬಿಡಬೇಕು? ಮೊತ್ತ ಮತ್ತು ಕೊನೆಯ ದಿನಾಂಕ ವರ್ಷ ವರ್ಷಕ್ಕೂ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಆ ವರ್ಷದ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳಿ.

ಎಲ್ಲಿಂದ ಶುರು ಮಾಡಬೇಕು?

ಹೆಸರಿನಿಂದ. ಆಧಾರ್‌ನಲ್ಲಿ ‘ಮಂಜುಳ’, ಶಾಲೆಯ ದಾಖಲೆಯಲ್ಲಿ ‘ಮಂಜುಳಾ ಎಂ.’, ಬ್ಯಾಂಕಿನಲ್ಲಿ ‘ಮಂಜುಳ ಎಂ. ಕೆ.’ ಎಂದಿದ್ದರೆ ಮೂವರೂ ಬೇರೆ ಬೇರೆ ಮಂಜುಳೆಯರು ಎಂದೇ ಕಂಪ್ಯೂಟರ್ ತಿಳಿಯುತ್ತದೆ. ಮಗು ಒಂದನೇ ತರಗತಿಗೆ ಸೇರುವಾಗಲೇ ಹೆಸರು, ಇನಿಷಿಯಲ್, ಜನ್ಮದಿನಾಂಕ ಎಲ್ಲ ಕಡೆ ಒಂದೇ ಇರುವಂತೆ ನೋಡಿಕೊಂಡರೆ ಮುಂದಿನ ಹದಿನೈದು ವರ್ಷದ ಅಲೆದಾಟ ಉಳಿಯುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ಬೇರೆಯದೇ ತಪಸ್ಸು.

ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಹೋಬಳಿಯ ನಾಡಕಚೇರಿಯಲ್ಲಿ ಕೊಡುತ್ತಾರೆ. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತುಂಬಬೇಕು. ಆದಾಯ ಪತ್ರಕ್ಕೆ ಐದು ವರ್ಷದ ಆಯಸ್ಸು. ಅವಧಿ ಮುಗಿದದ್ದು ಗೊತ್ತಾಗುವುದು ಅರ್ಜಿಯ ಕೊನೆಯ ವಾರದಲ್ಲಿ. ಆಗ ನಾಡಕಚೇರಿಯ ಮುಂದೆ ಜಾತ್ರೆಯೇ ಸೇರಿರುತ್ತದೆ. ಏಪ್ರಿಲ್, ಮೇ ತಿಂಗಳಿನಲ್ಲೇ ನೋಡಿಕೊಳ್ಳಿ.

ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ತೋರಿಸುತ್ತದೆ, ಖಾತೆಗೆ ಹಣ ಬಂದಿಲ್ಲ. ಯಾರನ್ನು ಕೇಳಬೇಕು?

ನನ್ನ ಜಗಲಿಗೆ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ಪಟ್ಟದ ಸ್ಥಾನ.

ಅರ್ಜಿಯಲ್ಲಿ ಬರೆದ ಖಾತೆಗೇ ಹಣ ಬರುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಈಗ ಹಾಗಿಲ್ಲ. ಹಣ ಹೋಗುವುದು ವಿದ್ಯಾರ್ಥಿಯ ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿಗೆ ಕಡೆಯದಾಗಿ ಜೋಡಣೆಯಾಗಿದೆ ಎಂಬುದನ್ನು ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿ ಹೇಳುತ್ತದೆ, ಆ ಬ್ಯಾಂಕಿಗೆ ಹಣ ಇಳಿಯುತ್ತದೆ. ಬ್ಯಾಂಕಿನಲ್ಲಿ ‘ಆಧಾರ್ ಕೊಟ್ಟಿದ್ದೇವೆ’ ಎಂಬುದು ಬೇರೆ, ಈ ಪಟ್ಟಿಯಲ್ಲಿ ಹೆಸರಿರುವುದು ಬೇರೆ. ಪಾಸ್‌ಬುಕ್ ತೋರಿಸಿ ‘ಲಿಂಕ್ ಆಗಿದೆಯಲ್ಲ’ ಎಂದು ಜಗಳವಾಡುವವರು ಈ ವ್ಯತ್ಯಾಸದಲ್ಲೇ ಸಿಕ್ಕಿಬೀಳುತ್ತಾರೆ.

ಕಳೆದ ವರ್ಷ ಒಬ್ಬ ಹುಡುಗಿ ಬಂದಿದ್ದಳು, ದ್ವಿತೀಯ ಪಿಯುಸಿ. ತಾಯಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಹೋಗುತ್ತಾರೆ. ಎರಡು ವರ್ಷದಿಂದ ಒಂದು ಪೈಸೆ ಬಂದಿಲ್ಲ, ತಾಯಿ ಮೂರು ಸಲ ರಜೆ ಹಾಕಿ ಕಾಲೇಜಿಗೂ ಇಲಾಖೆಗೂ ಹೋಗಿ ಬಂದಿದ್ದಾರೆ. ಹುಡುಗಿಯ ಮೊಬೈಲಿನಲ್ಲೇ ಆಧಾರ್ ಜೋಡಣೆಯ ಸ್ಥಿತಿ ನೋಡಿದೆವು. ಅದು ಅಂಚೆ ಪೇಮೆಂಟ್ಸ್ ಬ್ಯಾಂಕಿನ ಹೆಸರು ತೋರಿಸಿತು. ‘ಎಂಟನೇ ತರಗತಿಯಲ್ಲಿ ಪೋಸ್ಟ್‌ಮ್ಯಾನ್ ಅಣ್ಣ ಮನೆಗೇ ಬಂದು ಬೆರಳಚ್ಚು ಒತ್ತಿಸಿಕೊಂಡು ಹೋಗಿದ್ದರು’ ಎಂದು ಆಗ ಅವಳಿಗೆ ನೆನಪಾಯಿತು. ಸೋಮವಾರ ಅಂಚೆ ಕಚೇರಿಗೆ ಹೋದರೆ ಎರಡೂ ವರ್ಷದ ಹಣ ಅಲ್ಲಿ ಬೆಚ್ಚಗೆ ಕೂತಿತ್ತು. ತಾಯಿ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ‘ಮೂರು ದಿನದ ಸಂಬಳ, ಜೊತೆಗೆ ಹಾಜರಾತಿ ಭತ್ಯೆ’ ಎಂದರು, ಅಷ್ಟೇ.

ಆದ್ದರಿಂದ ಮೊದಲು ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿ. ಬೇರೆ ಬ್ಯಾಂಕಿಗೆ ಬದಲಿಸಬೇಕಿದ್ದರೆ ಆ ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಎಂದು ಅದೇ ಮಾತಿನಲ್ಲಿ ಕೇಳಿ, ಅರ್ಜಿಯ ಸ್ವೀಕೃತಿ ಪಡೆಯಿರಿ.

ಯಾವ ಯಾವ ವಿದ್ಯಾರ್ಥಿವೇತನಗಳಿವೆ?

ಎಲ್ಲವನ್ನೂ ಹೇಳಹೊರಟರೆ ಸಂಜೆಯಾಗುತ್ತದೆ. ರಾಜ್ಯದ ಹೆಚ್ಚಿನವು ಎಸ್‌ಎಸ್‌ಪಿ ಎಂಬ ಒಂದೇ ತಾಣದಲ್ಲಿವೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳಿಗೆ ಬೇರೆ ಬೇರೆ ಅರ್ಜಿ ಬರೆಯುವ ಕಾಲ ಹೋಯಿತು. ಅದು ಒಳ್ಳೆಯ ಕೆಲಸ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಇದೆ: ತಿಂಗಳಿಗೆ 1,500ರಂತೆ ಹತ್ತು ತಿಂಗಳು. ರೈತರ ಮಕ್ಕಳಿಗಾಗಿ 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000 ಎಂದು ಶುರುವಾಗಿ ವೃತ್ತಿಪರ ಕೋರ್ಸ್‌ಗಳಿಗೆ 10,000, 11,000ದವರೆಗೆ ನಿಗದಿಯಾಗಿತ್ತು. ಅದಕ್ಕೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಫ್ರೂಟ್ಸ್ ಸಂಖ್ಯೆ (ಜಮೀನಿನ ದಾಖಲೆಯ ಜೊತೆ ರೈತರಿಗೆ ಸರ್ಕಾರ ಕೊಡುವ ನೋಂದಣಿ ಸಂಖ್ಯೆ) ಬೇಕು. ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿರುವ ಮನೆಗಳು ಇಲ್ಲಿ ಎಡವುತ್ತವೆ, ಮಂಡ್ಯದಲ್ಲಿ ಅಂಥ ಮನೆಗಳೇನು ಕಡಿಮೆ ಇಲ್ಲ.

ಆದರೆ ನಮ್ಮವರು ಸುಮ್ಮಸುಮ್ಮನೆ ಕೈಬಿಡುವುದು ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನದ ಪರೀಕ್ಷೆಯನ್ನು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯವರು ಬರೆಯಬಹುದು. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು (ಪರಿಶಿಷ್ಟರಿಗೆ ಶೇ 5 ರಿಯಾಯಿತಿ), ಕುಟುಂಬದ ಆದಾಯ 3.5 ಲಕ್ಷದೊಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯವರೆಗೆ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ. ಹೊಲಿಗೆ ಯಂತ್ರದ ಮುಂದೆ ಕೂತು ಅಷ್ಟು ಉಳಿಸಲು ಎಷ್ಟು ವರ್ಷ ಬೇಕು, ನೀವೇ ಲೆಕ್ಕ ಹಾಕಿ. ಮುಖ್ಯೋಪಾಧ್ಯಾಯರು ಮರೆತಿದ್ದರೆ ನೆನಪಿಸುವುದರಲ್ಲಿ ತಪ್ಪಿಲ್ಲ.

ಆರ್‌ಟಿಇ ಸೀಟಿನಲ್ಲಿ ಖಾಸಗಿ ಶಾಲೆಗೆ ಸೇರಿಸಬಹುದೇ?

ಈಗ ಬಹುಮಟ್ಟಿಗೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಖಾಸಗಿ ಶಾಲೆಗಳಲ್ಲಿ ಶೇ 25 ಸೀಟನ್ನು ಬಡ ಮಕ್ಕಳಿಗೆ ಮೀಸಲಿಟ್ಟಿತ್ತು. ಆದರೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟಿಲ್ಲ ಎಂದು ರಾಜ್ಯ ಸರ್ಕಾರ 2019ರಲ್ಲಿ ನಿಯಮ ಬದಲಿಸಿತು. ನಮ್ಮ ಕಡೆ ಸರ್ಕಾರಿ ಶಾಲೆ ಇಲ್ಲದ ಊರು ಹುಡುಕಿದರೂ ಸಿಗುವುದು ಕಷ್ಟ.

ಹಾಗಾದರೆ ಸಾಲ ಮಾಡಿಯಾದರೂ ಪೇಟೆಯ ಇಂಗ್ಲಿಷ್ ಶಾಲೆಗೆ ಹಾಕುವುದು ಒಳ್ಳೆಯದಲ್ಲವೇ?

ನಿಮ್ಮ ಮಗು, ನಿಮ್ಮ ತೀರ್ಮಾನ. ಹಳದಿ ವ್ಯಾನ್ ಬೆಳಗ್ಗೆ ಏಳೂವರೆಗೆ ಊರ ಬಾಗಿಲಿಗೆ ಬಂದು ನಿಂತಾಗ ಟೈ ಕಟ್ಟಿದ ಪಕ್ಕದ ಮನೆಯ ಮಗು ಹತ್ತಿದರೆ, ನಮ್ಮ ಮಗು ಏಕೆ ಹತ್ತಬಾರದು ಎಂದು ಯಾವ ತಾಯಿಗೂ ಅನ್ನಿಸುತ್ತದೆ. ಅದನ್ನು ಹಳಿಯುವ ಹಕ್ಕು ನನಗಿಲ್ಲ. ಸರ್ಕಾರಿ ಸಂಬಳ ತಿಂದ ಎಷ್ಟು ಜನ ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೆ ಹಾಕಿದರು ಎಂಬ ಲೆಕ್ಕ ತೆಗೆದರೆ ನಾನೂ ತಲೆ ತಗ್ಗಿಸಬೇಕಾಗುತ್ತದೆ.

ಆದರೆ ಒಂದು ಮಾತು ತಿಳಿದು ತೀರ್ಮಾನಿಸಿ. ಸಿಇಟಿ ಮೂಲಕ ಹಂಚುವ ವೃತ್ತಿಪರ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ ಶೇ 25, ಕನ್ನಡ ಮಾಧ್ಯಮ ಶೇ 5. ಈ ಸೌಲಭ್ಯ ಬೇಕಾದರೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ, ಅಥವಾ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಏಳರವರೆಗೆ ಊರಲ್ಲಿ ಓದಿಸಿ ಎಂಟಕ್ಕೆ ಪುರಸಭೆಯ ವ್ಯಾಪ್ತಿಯ ಶಾಲೆಗೆ ಸೇರಿಸಿದರೆ ಗ್ರಾಮೀಣ ಮೀಸಲಾತಿ ಕೈತಪ್ಪಿತು. ‘ಒಳ್ಳೆಯ ಶಾಲೆ’ ಎಂದು ಸಾಲ ಮಾಡಿ ಸೇರಿಸಿ, ಮುಂದೆ ಸಿಗಬಹುದಾಗಿದ್ದ ಸರ್ಕಾರಿ ಸೀಟನ್ನು ತಾವೇ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ವರ್ಗಾವಣೆ ಪತ್ರ ಬರೆದುಕೊಟ್ಟ ಕೈಯೂ ನನ್ನದೇ. ಆಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಂಗ್ಲಿಷೇ ಬೇಕೆಂದರೆ ಹತ್ತಿರದ ಕರ್ನಾಟಕ ಪಬ್ಲಿಕ್ ಶಾಲೆಯನ್ನು ನೋಡಿ. ಒಂದೇ ಆವರಣದಲ್ಲಿ ಶಿಶುವಿಹಾರದಿಂದ ಪಿಯುಸಿವರೆಗೆ ಇದೆ. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ನವೋದಯದ ಪ್ರವೇಶ ಪರೀಕ್ಷೆಗಳಿವೆ. ಐದನೇ ತರಗತಿಯಲ್ಲಿರುವಾಗಲೇ ಅರ್ಜಿ ಹಾಕಬೇಕು.

ಆಲೆಮನೆ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದಿದ್ದೇವೆ. ಟಿ.ಸಿ. ಇಲ್ಲ ಎಂದು ಮಗುವನ್ನು ಸೇರಿಸಿಕೊಳ್ಳುತ್ತಿಲ್ಲ.

ಸೇರಿಸಿಕೊಳ್ಳಲೇಬೇಕು. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲ ಎಂದು ನಿರಾಕರಿಸುವಂತಿಲ್ಲ ಎಂದು 14ನೇ ಸೆಕ್ಷನ್. ಆರರಿಂದ ಹದಿನಾಲ್ಕರೊಳಗಿನ ಮಗು ಶಾಲೆಯ ಬಾಗಿಲಿಗೆ ಬಂದರೆ ಸಾಕು, ಉಳಿದದ್ದು ಶಾಲೆಯ ಕೆಲಸ. ಜೊತೆಗೆ ಮಧ್ಯಾಹ್ನದ ಬಿಸಿಯೂಟ, ಹಾಲು ಎಲ್ಲವೂ ಅಂದಿನಿಂದಲೇ. ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಒಂದು ಪುಟದ ಅರ್ಜಿ ಕೊಡಿ. ಸಾಮಾನ್ಯವಾಗಿ ಅರ್ಜಿ ಬರೆಯುತ್ತೇವೆ ಎಂದರೇ ಸಾಕು.

ಬೆಲ್ಲದ ಹೊಗೆಯ ಪಕ್ಕ ಸಿಪ್ಪೆ ಒಣಗಿಸುತ್ತಾ ದಿನ ಕಳೆಯುವ ಮಕ್ಕಳನ್ನು ಆಲೆಮನೆಗಳ ಬಳಿ ಈಗಲೂ ನೋಡುತ್ತೇನೆ. ಮಾಲೀಕರಿಗೂ ಒಂದು ಮಾತು: ಹದಿನಾಲ್ಕರೊಳಗಿನ ಮಗುವನ್ನು ದುಡಿಸುವುದು ಅಪರಾಧ.

ಪುಟ್ಟ ಮಗು ಇದೆ. ಕೆಲಸಕ್ಕೆ ಹೋದರೆ ನೋಡಿಕೊಳ್ಳುವವರಿಲ್ಲ.

ಕಣ್ಣಿಗೆ ಕಾಣದ ಗೋಡೆ ಎಂದರೆ ಇದು. ಓದಿದ ಹೆಣ್ಣುಮಗಳೂ ಮನೆಯಲ್ಲಿ ಉಳಿಯುತ್ತಾಳೆ, ಹತ್ತನೇ ತರಗತಿಯ ಅಕ್ಕ ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಡುತ್ತಾಳೆ.

ಇರುವ ವ್ಯವಸ್ಥೆ ಹೀಗಿದೆ. ಅಂಗನವಾಡಿ: ದೇಶದಲ್ಲಿ ಈ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ನಮ್ಮ ಪಕ್ಕದ ತಿ. ನರಸೀಪುರವನ್ನು. ಐವತ್ತು ವರ್ಷದ ಹಳೆಯ ನೆಂಟಸ್ತನ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ, ಪಾಠ, ಊಟ. ಆದರೆ ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತದೆ. ಗಾರ್ಮೆಂಟ್ಸ್‌ನ ವ್ಯಾನ್ ಊರು ಮುಟ್ಟುವುದು ಆರೂವರೆಗೆ. ನಡುವಿನ ಎರಡೂವರೆ ಗಂಟೆ ಯಾರ ಲೆಕ್ಕದಲ್ಲೂ ಇಲ್ಲ. ಅಜ್ಜಿ ಇದ್ದರೆ ಸರಿ, ಇಲ್ಲದಿದ್ದರೆ ಕೆಲಸ ಬಿಡಬೇಕು.

‘ಕೂಸಿನ ಮನೆ’: 2023–24ರ ಬಜೆಟ್‌ನಲ್ಲಿ ಘೋಷಿಸಿ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲು ಹೊರಟ ಶಿಶುಪಾಲನಾ ಕೇಂದ್ರ, ಮುಖ್ಯವಾಗಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರಿಗಾಗಿ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ಪಿಡಿಒ ಅವರನ್ನು ಕೇಳಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ.

ಕಾರ್ಖಾನೆಯಲ್ಲಿ: 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಲು ಬಿಡಬೇಕು ಎಂದು 2017ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಅದೇ ತಿದ್ದುಪಡಿ ಮೊದಲ ಎರಡು ಹೆರಿಗೆಗೆ ಸಂಬಳಸಹಿತ ರಜೆಯನ್ನು 26 ವಾರಕ್ಕೆ ಏರಿಸಿತು. ಶಿಶುವಿಹಾರದ ಫಲಕ ಇದೆಯೇ ಎಂದಲ್ಲ, ಒಳಗೆ ಮಕ್ಕಳು ಇದ್ದಾರೆಯೇ ಎಂದು ನೋಡಿ. ಫಲಕ ಮಾತ್ರ ಇದ್ದರೆ ಕಾರ್ಮಿಕ ಇಲಾಖೆಗೆ ನಾಲ್ಕಾರು ಜನ ಸೇರಿ ಬರೆಯಿರಿ. ಒಬ್ಬರೇ ಬರೆದರೆ ಲೈನ್ ಬದಲಾಯಿಸುತ್ತಾರೆ ಎಂಬ ಭಯ ಸುಳ್ಳಲ್ಲ.

ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರೆ. ನನಗೇನು ಲಾಭ?

ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಅನ್ವಯಿಸುತ್ತದೆ. ನಿಮ್ಮ ಪಾಲು ಶೇ 0.75, ಮಾಲೀಕರದು ಶೇ 3.25. ನಿಮಗಷ್ಟೇ ಅಲ್ಲ, ಅವಲಂಬಿತ ಕುಟುಂಬಕ್ಕೂ ಚಿಕಿತ್ಸೆ. ಮೈಸೂರಿನಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಹೆರಿಗೆ ಸೌಲಭ್ಯಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಇರಬೇಕು. ಮಗುವಿನ ಹೆಸರನ್ನು ಕಾರ್ಡಿಗೆ ಸೇರಿಸಿ. ಮಗುವಿನ ಡೆಂಗಿ ಜ್ವರಕ್ಕೆ ನರ್ಸಿಂಗ್ ಹೋಮಿಗೆ ಕಟ್ಟಿದ ಹಣವೇ ಆ ವರ್ಷದ ಅಕ್ಕನ ಕಾಲೇಜು ಶುಲ್ಕವಾಗಿತ್ತು ಎಂಬ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ.

ಗಾರೆ ಕೆಲಸ ಮಾಡುತ್ತೇನೆ. ಲೇಬರ್ ಕಾರ್ಡ್‌ನಿಂದ ಮಕ್ಕಳ ಓದಿಗೆ ಹಣ ಬರುತ್ತದೆಯೇ?

ಬರುತ್ತದೆ. ಕಟ್ಟಡ ಕಟ್ಟುವವರಿಂದ ವೆಚ್ಚದ ಶೇ 1ರಷ್ಟು ಸೆಸ್ ವಸೂಲಿ ಮಾಡಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹಾಕುತ್ತಾರೆ. ರಾಜ್ಯದ ಮಂಡಳಿ 2007ರಿಂದ ಇದೆ. ಅದು ಯಾರ ಭಿಕ್ಷೆಯೂ ಅಲ್ಲ, ನೀವು ಹೊತ್ತ ಇಟ್ಟಿಗೆಯ ಮೇಲಿನ ಹಣ. 18ರಿಂದ 60 ವರ್ಷದೊಳಗಿದ್ದು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಇದ್ದರೆ ನೋಂದಣಿ. ಮಕ್ಕಳ ಶೈಕ್ಷಣಿಕ ಸಹಾಯಧನದ ಮೊತ್ತ ಪದೇ ಪದೇ ಪರಿಷ್ಕರಣೆಯಾಗಿದೆ, ಹಳೆಯ ಕರಪತ್ರವನ್ನು ನಂಬಬೇಡಿ.

ಗಾರೆ ಮುಟ್ಟದವರೂ ಕಾರ್ಡ್ ಮಾಡಿಸಿಕೊಂಡದ್ದರಿಂದ ಈಗ ತಪಾಸಣೆ ಬಿಗಿಯಾಗಿದೆ, ಅಸಲಿ ಕಾರ್ಮಿಕರೂ ಕಂಬ ಸುತ್ತುವಂತಾಗಿದೆ. ಊರಿನಲ್ಲಿ ಯಾರಾದರೂ ‘ನಿಮಗೂ ಒಂದು ಮಾಡಿಸಿಕೊಡುತ್ತೇನೆ’ ಎಂದರೆ, ಅವರು ಕಸಿದುಕೊಳ್ಳುತ್ತಿರುವುದು ಪಕ್ಕದ ಬೀದಿಯ ಮೇಸ್ತ್ರಿಯ ಮಗಳ ಶುಲ್ಕವನ್ನು.

ಹೆಂಗಸರ ಉಚಿತ ಬಸ್ಸಿಗೂ ಓದಿಗೂ ಏನು ಸಂಬಂಧ?

ಮದ್ದೂರಿನಿಂದ ಮೈಸೂರು ಸುಮಾರು 60 ಕಿಲೋಮೀಟರ್, ಮಂಡ್ಯದಿಂದ 45. ಮನೆಯಲ್ಲಿ ಮಗ–ಮಗಳು ಇಬ್ಬರೂ ಪಿಯುಸಿ ಮುಗಿಸಿದರೆ ಮೊದಲೆಲ್ಲ ಮಗ ಮೈಸೂರಿಗೆ, ಮಗಳು ಹತ್ತಿರದ ಕಾಲೇಜಿಗೆ, ಅಥವಾ ಮದುವೆಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚು ಎಂಬ ನೆಪ ಬಿತ್ತು. ಮಹಾರಾಣಿ ಕಾಲೇಜಿಗೆ ಹೋಗುತ್ತೇನೆ ಎಂದು ಹಟ ಹಿಡಿದ ಹುಡುಗಿಗೆ ಅಪ್ಪನ ಮುಂದೆ ಹೇಳಲು ಒಂದು ಮಾತು ಸಿಕ್ಕಿತು.

ಇನ್ನುಳಿದ ತೊಡಕು ಕೊನೆಯ ಬಸ್ಸು. ಮುಖ್ಯರಸ್ತೆಯವರೆಗೆ ಬಸ್ಸುಗಳಿವೆ, ಅಲ್ಲಿಂದ ಒಳಗಿನ ಊರಿಗೆ ಸಂಜೆ ಆರರ ಮೇಲೆ ಏನೂ ಇಲ್ಲ. ಪ್ರಯೋಗಾಲಯದ ತರಗತಿ ನಾಲ್ಕೂವರೆಗೆ ಮುಗಿದರೆ ಹುಡುಗಿ ವಿಜ್ಞಾನ ಬಿಟ್ಟು ಕಲಾ ವಿಭಾಗ ಆರಿಸಿಕೊಳ್ಳುತ್ತಾಳೆ. ಹುಡುಗರಿಗೆ ರಿಯಾಯಿತಿ ಪಾಸ್ ಇದೆ.

ಗೃಹಲಕ್ಷ್ಮಿ ಹಣ ಪಡೆದರೆ ಮಕ್ಕಳ ವಿದ್ಯಾರ್ಥಿವೇತನ ನಿಲ್ಲುತ್ತದೆಯೇ?

ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲ. ಮನೆಯೊಡತಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ಹಾಕುವ ಗೃಹಲಕ್ಷ್ಮಿ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ 2023ರ ಆಗಸ್ಟ್ 30ರಂದು ಶುರುವಾದ ದಿನದಿಂದಲೂ ಈ ವದಂತಿ ತಿರುಗುತ್ತಿದೆ.

ಮಗ ಎಸ್ಸೆಸ್ಸೆಲ್ಸಿ ಫೇಲಾದ. ಕೆಲಸಕ್ಕೆ ಕಳಿಸಿಬಿಡಲೇ?

ಸ್ವಲ್ಪ ತಡೆಯಿರಿ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ; ಮುಂದಿನದರಲ್ಲಿ ಪಾಸಾದರೆ ವರ್ಷ ಹಾಳಾಗುವುದಿಲ್ಲ.

ಪಾಸಾದ ಮೇಲೆ ಪಿಯುಸಿಯೊಂದೇ ದಾರಿ ಎಂದೂ ತಿಳಿಯಬೇಡಿ. ಸರ್ಕಾರಿ ಐಟಿಐ ಪ್ರತಿ ತಾಲ್ಲೂಕಿನ ಆಸುಪಾಸಿನಲ್ಲಿದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಮೈಸೂರಿನಲ್ಲೂ ಮದ್ದೂರಿನಲ್ಲೂ ಇದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಪಾಠ, ಒಂದು ವರ್ಷ ಕಾರ್ಖಾನೆ. ಐಟಿಐ ಮುಗಿಸಿದವರು ಅಶೋಕಪುರಂನ ರೈಲ್ವೆ ಕಾರ್ಯಾಗಾರದ ಅಪ್ರೆಂಟಿಸ್ ಪ್ರಕಟಣೆಗೆ ಕಾಯಬಹುದು. 1961ರ ಕಾಯ್ದೆಯಡಿ ಅಪ್ರೆಂಟಿಸ್‌ಗೆ ಭತ್ಯೆ ಕೊಡಲೇಬೇಕು. ‘ಕೆಲಸ ಕಲಿಸುತ್ತೇವಲ್ಲ’ ಎಂದು ಬಿಟ್ಟಿ ದುಡಿಸಿಕೊಳ್ಳುವುದು ಅಪ್ರೆಂಟಿಸ್‌ಶಿಪ್ ಅಲ್ಲ.

ಕೆಲಸ ಬಿಡದೆ ನಾನೇ ಪದವಿ ಮುಗಿಸಬಹುದೇ? ನನಗೆ 34 ವರ್ಷ.

ಈ ಪ್ರಶ್ನೆ ಬಂದ ದಿನ ನಾನು ಎರಡು ಲೋಟ ಕಾಫಿ ಹೆಚ್ಚು ಕುಡಿಯುತ್ತೇನೆ. ಮುಗಿಸಬಹುದು. ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇರುವುದೇ ಇದಕ್ಕೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ತೆರೆದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ನಡುವೆ 2013–14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿ ಬಂತು. ಆದ್ದರಿಂದ ಸೇರುವ ಮುಂಚೆ ನಿಮ್ಮ ಕೋರ್ಸ್‌ಗೆ ಆ ವರ್ಷದ ಮಾನ್ಯತೆ ಇದೆಯೇ ಎಂದು ನೋಡಿ. ‘ಆರು ತಿಂಗಳಲ್ಲಿ ಪದವಿ’ ಎಂದು ಬಸ್ ನಿಲ್ದಾಣದ ಗೋಡೆಗೆ ಚೀಟಿ ಅಂಟಿಸುವವರ ಕಡೆ ತಿರುಗಿಯೂ ನೋಡಬೇಡಿ.

ಕಾಲೇಜು ಶುಲ್ಕಕ್ಕೆ ಸಂಘದಲ್ಲಿ ಸಾಲ ತೆಗೆಯುವುದು ಸರಿಯೇ?

ಯಾವ ಸಂಘ? ಸ್ತ್ರೀಶಕ್ತಿ, ಸಂಜೀವಿನಿ ಸ್ವಸಹಾಯ ಸಂಘ ಬೇರೆ. ವಾರ ವಾರ ಕಂತು ವಸೂಲಿಗೆ ಬರುವ ಮೈಕ್ರೋಫೈನಾನ್ಸ್ ಬೇರೆ. ಅದಕ್ಕೂ ನಮ್ಮವರು ‘ಸಂಘ’ ಎಂದೇ ಕರೆಯುವುದರಿಂದ ಗೊಂದಲ. ವಾರದ ಕಂತಿನ ಸಾಲ ಓದಿಗೆ ಹೊಂದುವುದಿಲ್ಲ: ಓದು ಹಣ ತರುವುದು ಮೂರು, ನಾಲ್ಕು ವರ್ಷಕ್ಕೆ, ಕಂತು ಬರುವುದು ಮುಂದಿನ ಬುಧವಾರಕ್ಕೆ.

ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ, 7.5 ಲಕ್ಷದವರೆಗೆ ಕೇಂದ್ರದ ಸಾಲ ಖಾತರಿ ನಿಧಿ ಇದೆ. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಕೋರ್ಸ್ ಓದಿದರೆ ಆ ಅವಧಿಯ ಬಡ್ಡಿಯನ್ನು ಸರ್ಕಾರ ಕಟ್ಟುವ ಯೋಜನೆಯೂ ಇದೆ. ಸಿಇಟಿ ಮೂಲಕ ಸೀಟು ಪಡೆದ ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ‘ಅರಿವು’ ಸಾಲ ಶೇ 2ರ ಬಡ್ಡಿಯದು, ವರ್ಷಕ್ಕೆ 1 ಲಕ್ಷದವರೆಗೆ. ಬ್ಯಾಂಕಿನವರು ‘ನಿಮ್ಮ ಶಾಖೆ ಇದಲ್ಲ’ ಎಂದು ಸಾಗಹಾಕಿದರೆ ವಿದ್ಯಾಲಕ್ಷ್ಮಿ ತಾಣದಲ್ಲಿ ಅರ್ಜಿ ಹಾಕಿ. ಅಲ್ಲಿ ನಿರಾಕರಿಸಿದರೂ ದಾಖಲೆ ಉಳಿಯುತ್ತದೆ.

ಈಗಾಗಲೇ ಮೈಕ್ರೋಫೈನಾನ್ಸ್ ಸಾಲ ಇದ್ದು ಕಿರುಕುಳವಾಗುತ್ತಿದ್ದರೆ: ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಳಗ್ಗೆ 9ರ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಗೋಡೆಯ ಮೇಲೆ ಬರೆದು ಮಾನ ಕಳೆಯಲು ಬಂದವರ ಮೇಲೆ ಠಾಣೆಯಲ್ಲಿ ದೂರು ಕೊಡಿ. ಮಾನ ಹೋಗಬೇಕಾದದ್ದು ಅವರದ್ದು.

ಯುವನಿಧಿ ಯಾರಿಗೆ?

ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಉನ್ನತ ಶಿಕ್ಷಣ ಮುಂದುವರಿಸಿದವರಿಗೆ, ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೆ ಇಲ್ಲ.

ಸ್ವಂತ ಕಸುಬಿಗೆ ಏನಿದೆ?

ಮೈಸೂರಿನ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತಾರೆ; ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ಮಾದರಿ ಇದು. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕ, ಹೂ ಕಟ್ಟುವವರು ಸೇರಿ 18 ಕಸುಬಿನವರಿಗೆ ಪಿಎಂ ವಿಶ್ವಕರ್ಮ: ತರಬೇತಿಯ ದಿನಗಳಿಗೆ 500 ರೂಪಾಯಿಯಂತೆ ಭತ್ಯೆ, 15,000ದ ಉಪಕರಣ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷ ಸಾಲ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ತರಬೇತಿಗೆ ಹೋದ ದಿನದ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿದ್ದಾರೆ ಎಂಬ ಒಂದೇ ಕಾರಣಕ್ಕೆ ನನಗೆ ಇದರ ಮೇಲೆ ಗೌರವ.

ಇದೆಲ್ಲ ಬಿಟ್ಟಿ ಭಾಗ್ಯವಲ್ಲವೇ? ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ.

ಕೇಳುವವರು ಸಾಮಾನ್ಯವಾಗಿ ನನ್ನ ವಯಸ್ಸಿನವರು, ನಾಲೆಯ ನೀರು ಹರಿಯುವ ಗದ್ದೆಯವರು. ಆ ನಾಲೆ ಯಾರು ತೋಡಿದ್ದು? ಕನ್ನಂಬಾಡಿಯ ಕಟ್ಟೆ ಕಟ್ಟಿದ್ದು ಸರ್ಕಾರದ ಖಜಾನೆ. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆಯೇ ರಾಗಿಯ ಮಂಡ್ಯ ಕಬ್ಬಿನ ಮಂಡ್ಯವಾದದ್ದು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂದದ್ದು. ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಮಾಡಿದ್ದು 1913ರಲ್ಲಿ. ಹಿಂದುಳಿದವರಿಗೆ ಸರ್ಕಾರಿ ಕೆಲಸ ಸಿಗಬೇಕೆಂದು ನಾಲ್ವಡಿಯವರು ಮಿಲ್ಲರ್ ಸಮಿತಿ ರಚಿಸಿದ್ದು 1918ರಲ್ಲಿ. ಹುಣಸೂರಿನಿಂದ ಗೆದ್ದ ದೇವರಾಜ ಅರಸರು ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ನೇಮಿಸಿದ್ದು 1972ರಲ್ಲಿ. 1974ರ ಭೂ ಸುಧಾರಣೆಯಿಂದ ಗೇಣಿದಾರರಾಗಿದ್ದವರು ಪಹಣಿದಾರರಾದರು. ನನಗೂ ಗುಮಾಸ್ತನ ಕೆಲಸ ಸಿಕ್ಕಿದ್ದು ಹಾಸ್ಟೆಲಿನ ಮುದ್ದೆ ಉಂಡು ಓದಿದ್ದರಿಂದಲೇ. ನಮ್ಮ ಕಾಲದಲ್ಲಿ ಇತ್ತು. ಹೆಸರು ಬೇರೆ ಇತ್ತು.

ಹಾಗೆಂದು ಹಣ ಹಂಚಿದರೆ ಮುಗಿಯಿತು ಎಂದೂ ನಾನು ಹೇಳುವುದಿಲ್ಲ. ಖಾಲಿ ಬಿದ್ದಿರುವ ಮೇಷ್ಟರ ಹುದ್ದೆ ತುಂಬದೆ, ಸಂಜೆಯ ಬಸ್ ಬಿಡದೆ, ಅಂಗನವಾಡಿಯನ್ನು ಆರೂವರೆವರೆಗೆ ತೆರೆಯದೆ ಖಾತೆಗೆ ಎರಡು ಸಾವಿರ ಹಾಕಿದರೆ ಅದು ಅರ್ಧ ಬೆಂದ ಮುದ್ದೆ.

ಅರ್ಜಿ ಹಾಕಿ ತಿಂಗಳುಗಳಾದವು. ಕೇಳಿದರೆ ‘ನಾಳೆ ಬನ್ನಿ’ ಎನ್ನುತ್ತಾರೆ.

ಬಾಯಲ್ಲಿ ಕೇಳಬೇಡಿ, ಕಾಗದದಲ್ಲಿ ಕೇಳಿ. ನಾಡಕಚೇರಿಯ ಸೇವೆಗಳು ಸಕಾಲ ಕಾಯ್ದೆಯಡಿ ಬರುತ್ತವೆ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಸಂಖ್ಯೆ ಮತ್ತು ಗಡುವು ಬರೆದ ಚೀಟಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರವಿದೆ. ದಿನದ ಕೂಲಿ ಬಿಟ್ಟು ಬಂದವರಿಗೆ 20 ರೂಪಾಯಿ ಯಾವ ಮೂಲೆಗೆ ಎಂದು ನಗಬಹುದು. ಆದರೆ ಆ ಹಣ ಅಧಿಕಾರಿಯ ಜೇಬಿನಿಂದ ಹೋಗಬೇಕೆಂಬುದೇ ಚುರುಕು ಮುಟ್ಟಿಸುವುದು.

ಉಳಿದ ಕಡೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ‘ನನ್ನ ಮಗಳ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಎಂದಿನಿಂದ ಇದೆ?’ ಎಂದಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ನಿಮ್ಮ ಹತ್ತಿರ ಬರುವುದಾದರೆ ಏನು ತರಬೇಕು?

ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಜಾತಿ–ಆದಾಯ ಪತ್ರ, ಅಂಕಪಟ್ಟಿ, ಒಟಿಪಿ ಬರುವ ಮೊಬೈಲು. ಮೊಬೈಲಿಗೆ ಚಾರ್ಜ್ ಇರಲಿ. ಮಗುವನ್ನೂ ಕರೆತನ್ನಿ, ಅರ್ಜಿ ತುಂಬುವವರು ಅವರೇ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಹಿಂದೆ ಹೇಳಿದ ಪಿಯುಸಿ ಹುಡುಗಿ ಈಗ ಭಾನುವಾರ ಎಂಟೂವರೆಗೇ ಬಂದು ಜಗಲಿ ಗುಡಿಸಿ, ಸರತಿಯ ಚೀಟಿ ಬರೆದಿಡುತ್ತಾಳೆ. ಒಂಬತ್ತರ ಮೇಲೆ ಬಂದರೆ ಅವಳ ಹತ್ತಿರ ಬೈಸಿಕೊಳ್ಳಬೇಕಾಗುತ್ತದೆ.